ನಿಥಾರ್ಡನ ಸಿಟ್ಟು

ಫ್ರಾಂಕರ ಚಕ್ರವರ್ತಿ ಚಾರ್ಲೆಮೇನ್ ಬಗ್ಗೆ ಬರೆದವರಿಗೆ ಲೆಕ್ಕವಿಲ್ಲ. ನನಗೆ ಮಾತ್ರ ಅವನಿಗಿಂತ ಅವನ ಒಬ್ಬ ಮೊಮ್ಮಗನ ಮೇಲೆ ಆಸಕ್ತಿ ಜಾಸ್ತಿ. ಸಿಂಹಾಸನಕ್ಕೆ ಹೊಡೆದಾಡಿದ ಮೊಮ್ಮಕ್ಕಳಲ್ಲ, ಇವನು ಮಗಳ ಮಗ. ಹೆಸರು ನಿಥಾರ್ಡ್. 9ನೇ ಶತಮಾನದ ಫ್ರಾಂಕರ ನಾಡಿನಲ್ಲಿ, ಅಂದರೆ ಈಗ ಫ್ರಾನ್ಸ್, ಜರ್ಮನಿ ಇರುವ ಕಡೆ, ದೊಡ್ಡ ಮನೆತನದ ಗಂಡಸು ಏನೇನು ಮಾಡಬೇಕಿತ್ತೋ ಅಷ್ಟನ್ನೂ ಮಾಡಿದವನು. ರಾಯಭಾರಕ್ಕೆ ಹೋದ, ಯುದ್ಧ ಮಾಡಿದ, ರಾಜ್ಯವನ್ನು ಪಾಲು ಮಾಡುವವರ ಜೊತೆ ಕೂತ, ಕೊನೆಗೆ ಒಂದು ಮಠದ ಮುಖ್ಯಸ್ಥನೂ ಆದ. ಇದೆಲ್ಲದರ ನಡುವೆ ಲ್ಯಾಟಿನ್‌ನಲ್ಲಿ ನಾಲ್ಕು ಭಾಗಗಳ ಒಂದು ಚರಿತ್ರೆಯನ್ನೂ ಬರೆದ. ಆಗ ಬರೆಯುತ್ತಿದ್ದವರು ಹೆಚ್ಚಾಗಿ ಪಾದ್ರಿಗಳು, ಸನ್ಯಾಸಿಗಳು. ಕತ್ತಿ ಹಿಡಿಯುವ ವರ್ಗದವನೊಬ್ಬ, ಅದೂ ತಾನೇ ಕಣ್ಣಾರೆ ಕಂಡ ಯುದ್ಧದ ಬಗ್ಗೆ, ಅದು ಇನ್ನೂ ನಡೆಯುತ್ತಿರುವಾಗಲೇ ಬರೆದದ್ದು ತೀರಾ ಅಪರೂಪ.

ಸಾಮಾನ್ಯವಾಗಿ ಈ ಪುಸ್ತಕವನ್ನು ಒಂದೇ ಒಂದು ಪುಟಕ್ಕಾಗಿ ಹುಡುಕಿಕೊಂಡು ಹೋಗುತ್ತಾರೆ, ಆ ಪುಟದ ಕಥೆ ಆಮೇಲೆ ಬರುತ್ತದೆ. ನನಗನಿಸೋದು ಬೇರೆ. ಇಡೀ ಪುಸ್ತಕವನ್ನು ಒಬ್ಬ ಮನುಷ್ಯನ ನಿಷ್ಠೆ ಹೇಗೆ ಹುಳಿಯಾಗುತ್ತಾ ಹೋಯಿತು ಅನ್ನುವ ದಾಖಲೆಯಾಗಿ ಓದಬಹುದು. ಮೊದಲ ಭಾಗದಲ್ಲಿ ಅವನು ರಾಜನ ಪರ ವಕೀಲ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅವನಿಗೆ ರಾಜನ ಮೇಲೂ, ರಾಜನ ಸುತ್ತ ಇರುವವರ ಮೇಲೂ ನಂಬಿಕೆ ಹೋಗಿರುತ್ತದೆ.

ಮೊದಲು ಮನೆ ಕಥೆ. ನಿಥಾರ್ಡನ ತಾಯಿ ಬರ್ತಾ, ಚಾರ್ಲೆಮೇನನ ಮಗಳು. ತಂದೆ ಆಂಗಿಲ್ಬರ್ಟ್, ಆಸ್ಥಾನದ ಕವಿ. ಆ ಆಸ್ಥಾನದಲ್ಲಿ ಪಂಡಿತರೆಲ್ಲ ಒಬ್ಬರಿಗೊಬ್ಬರು ಅಡ್ಡಹೆಸರು ಇಟ್ಟುಕೊಂಡಿದ್ದರು, ಚಾರ್ಲೆಮೇನ್ 'ದಾವೀದ', ಆಂಗಿಲ್ಬರ್ಟ್ 'ಹೋಮರ್'. ಬರ್ತಾಳಿಗೂ ಇವನಿಗೂ ಮದುವೆ ಆಗಿರಲಿಲ್ಲ. ಆಗುವ ಹಾಗೂ ಇರಲಿಲ್ಲ, ಯಾಕಂದ್ರೆ ಚಾರ್ಲೆಮೇನ್ ತನ್ನ ಹೆಣ್ಣುಮಕ್ಕಳನ್ನು ಯಾರಿಗೂ ಕೊಡಲೇ ಇಲ್ಲ. ಅವರನ್ನು ಬಿಟ್ಟು ತನಗೆ ಇರೋಕಾಗಲ್ಲ ಅಂತ ಹೇಳುತ್ತಿದ್ದನಂತೆ, ಅವನ ಜೀವನಚರಿತ್ರೆ ಬರೆದ ಐನ್‌ಹಾರ್ಡ್ ಹಾಗೆ ದಾಖಲಿಸಿದ್ದಾನೆ. ಅಳಿಯಂದಿರು ಬಂದರೆ ನಾಳೆ ಸಿಂಹಾಸನದ ಹತ್ತಿರಕ್ಕೂ ಬರುತ್ತಾರೆ ಅನ್ನುವ ಲೆಕ್ಕ ಅವನಿಗೆ ಇರಲಿಲ್ಲ ಅಂತ ನಂಬೋದು ನನಗೆ ಕಷ್ಟ. ಏನೇ ಇರಲಿ, ಈ ಇಬ್ಬರಿಗೆ ಹಾರ್ಟ್‌ನಿಡ್, ನಿಥಾರ್ಡ್ ಅಂತ ಇಬ್ಬರು ಗಂಡುಮಕ್ಕಳು ಹುಟ್ಟಿದರು. ಮದುವೆ ಇಲ್ಲದೆ ಹುಟ್ಟಿದ್ದು ನಿಥಾರ್ಡನಿಗೆ ಮುಚ್ಚಿಡುವ ವಿಷಯವಾಗಿರಲಿಲ್ಲ. ಮಹಾರಾಜನ ಮಗಳು ಬರ್ತಾಳಲ್ಲಿ ನನ್ನ ತಂದೆ ನನ್ನನ್ನೂ ನನ್ನ ಅಣ್ಣತಮ್ಮನನ್ನೂ ಪಡೆದ ಅಂತ ತಾನೇ ನೇರವಾಗಿ ಬರೆದುಕೊಂಡಿದ್ದಾನೆ.

ಆಂಗಿಲ್ಬರ್ಟ್ ಕವಿ ಮಾತ್ರ ಅಲ್ಲ. ಈಗಿನ ಉತ್ತರ ಫ್ರಾನ್ಸ್‌ನ ಪಿಕಾರ್ಡಿಯಲ್ಲಿ, ಅಬ್‌ವಿಲ್ ಊರಿನ ಹತ್ತಿರ ಇರುವ ಸೆಂತುಲಾ ಮಠದ ಮುಖ್ಯಸ್ಥನಾಗಿದ್ದ. ಇವತ್ತು ಆ ಊರನ್ನು ಸೇಂಟ್ ರಿಕ್ಯೇ ಅನ್ನುತ್ತಾರೆ. ಅವನು ಸನ್ಯಾಸ ತೆಗೆದುಕೊಂಡವನಲ್ಲ, ಆದರೂ ಮಠದ ಆಸ್ತಿ, ಆದಾಯ, ಅಧಿಕಾರ ಎಲ್ಲ ಅವನ ಕೈಯಲ್ಲಿತ್ತು. ಸಂಸಾರಿಗಳಾಗಿ, ಸೈನಿಕರಾಗಿ ಇದ್ದವರಿಗೆ ರಾಜ ಮಠಗಳನ್ನು ವಹಿಸಿಕೊಡೋದು ಅಲ್ಲಿ ನಡೆದುಬಂದ ಪದ್ಧತಿ. ಆಂಗಿಲ್ಬರ್ಟ್ ಆ ಮಠವನ್ನು ಬುಡದಿಂದ ಹೊಸದಾಗಿ ಕಟ್ಟಿಸಿದ. 814ರ ಜನವರಿ 28ಕ್ಕೆ ಚಾರ್ಲೆಮೇನ್ ಸತ್ತ. ಮೂರು ವಾರ ಕಳೆದು ಫೆಬ್ರವರಿ 18ಕ್ಕೆ ಆಂಗಿಲ್ಬರ್ಟೂ ಹೋದ. ಪಟ್ಟಕ್ಕೆ ಬಂದ ಚಾರ್ಲೆಮೇನನ ಮಗ ಲೂಯಿ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಅಕ್ಕತಂಗಿಯರನ್ನು ಅರಮನೆಯಿಂದ ಆಚೆ ಕಳಿಸಿದ್ದು. ಹೊಸ ರಾಜ ದೈವಭಕ್ತ, ಅವನಿಗೆ ಅಪ್ಪನ ಮನೆಯ ರೀತಿನೀತಿ ಹಿಡಿಸಿರಲಿಲ್ಲ.

ಈ ಲೂಯಿ ನಿಥಾರ್ಡನಿಗೆ ಸ್ವಂತ ಸೋದರಮಾವ. ಬರ್ತಾ ಮತ್ತು ಲೂಯಿ ಒಂದೇ ತಾಯಿಯ ಮಕ್ಕಳು. ಮುಂದೆ ನಿಥಾರ್ಡ್ ಯಾರ ಪರ ಕತ್ತಿ ಹಿಡಿದನೋ ಆ ಚಾರ್ಲ್ಸ್, ಅಂದರೆ ಚರಿತ್ರೆಯಲ್ಲಿ 'ಬೋಳ ಚಾರ್ಲ್ಸ್' ಅಂತ ಹೆಸರಾದವನು, ಸೋದರಮಾವನ ಮಗ. ಚಾರ್ಲ್ಸ್ ಹುಟ್ಟಿದ್ದು 823ರಲ್ಲಿ, ಹಾಗಾಗಿ ಇಬ್ಬರ ನಡುವೆ ಸುಮಾರು ಒಂದು ತಲೆಮಾರಿನಷ್ಟು ಅಂತರ. ಲೂಯಿಯ ಮಕ್ಕಳ ನಡುವೆ ಯುದ್ಧ ಶುರುವಾದಾಗ ಚಾರ್ಲ್ಸ್‌ಗೆ 17 ವರ್ಷ. ನಿಥಾರ್ಡ್ ಆಗಲೇ ನಡುವಯಸ್ಸಿನ ಆಸಾಮಿ.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋದರೆ ಉಳಿದದ್ದು ಅರ್ಥ ಆಗಲ್ಲ. ಆ ಕಾಲದ ಫ್ರಾಂಕ್ ಶ್ರೀಮಂತ ಅಂದ ತಕ್ಷಣ ಗುಡ್ಡದ ಮೇಲೆ ಕಲ್ಲಿನ ಕೋಟೆ ಕಟ್ಟಿಕೊಂಡು ವಂಶಪಾರಂಪರ್ಯವಾಗಿ ಕೂತಿರುವ ಪ್ರಭುವಿನ ಚಿತ್ರ ಮನಸ್ಸಿಗೆ ಬರುತ್ತದೆ ಅಲ್ವಾ? ಅದು ಮುಂದಿನ ಶತಮಾನಗಳದ್ದು. 9ನೇ ಶತಮಾನದಲ್ಲಿ ಶ್ರೀಮಂತನ ಹತ್ತಿರ ಎರಡು ಬಗೆಯ ಆಸ್ತಿ ಇರುತ್ತಿತ್ತು. ಒಂದು ಪಿತ್ರಾರ್ಜಿತ. ಇನ್ನೊಂದು ರಾಜ ಕೊಟ್ಟದ್ದು, ಲ್ಯಾಟಿನ್‌ನಲ್ಲಿ 'ಹೊನೋರೆಸ್': ಒಂದು ಪ್ರಾಂತ್ಯವನ್ನು ನೋಡಿಕೊಳ್ಳುವ ಕೌಂಟ್ ಪದವಿ, ಅದರ ಜೊತೆ ಬರುವ ಜಮೀನು, ಕೆಲವೊಮ್ಮೆ ಒಂದು ಮಠ. ಈ ಎರಡನೆಯದು ರಾಜನ ಮರ್ಜಿ. ಮಕ್ಕಳಿಗೆ ಹೋಗಬಹುದು, ಹೋಗದೇ ಇರಬಹುದು. ಕೊಟ್ಟ ರಾಜನೇ ಕಿತ್ತುಕೊಳ್ಳಲೂಬಹುದು. ದರ್ಪ, ಹಿಂಬಾಲಕರು, ಊಟಕ್ಕೆ ಕೂರುವ ಐವತ್ತು ಜನ, ಇದೆಲ್ಲ ನಿಂತಿದ್ದು ಬಹುಮಟ್ಟಿಗೆ ಅದರ ಮೇಲೆ. ಒಬ್ಬನೇ ರಾಜ ಇರುವವರೆಗೆ ತೊಂದರೆ ಇಲ್ಲ. ಮೂವರು ಅಣ್ಣತಮ್ಮಂದಿರು ಒಂದೇ ರಾಜ್ಯಕ್ಕೆ ಹೊಡೆದಾಡಲು ಶುರು ಮಾಡಿದರೆ? ನಿಮ್ಮ ಜಮೀನು ಒಂದು ಕಡೆ ಒಬ್ಬನ ಹಿಡಿತದಲ್ಲಿ, ಇನ್ನೊಂದು ಕಡೆ ಮತ್ತೊಬ್ಬನ ಹಿಡಿತದಲ್ಲಿ. ಯಾರಿಗೆ ಕೈಮುಗಿದರೂ ಅರ್ಧ ಹೋಗುತ್ತದೆ.

840ರ ಜೂನ್ 20ಕ್ಕೆ ಲೂಯಿ ತೀರಿಕೊಂಡಾಗ ಆದದ್ದು ಇದೇ. ಹಿರಿಯ ಮಗ ಲೋಥರ್ ಇಟಲಿಯಿಂದ ಹೊರಟು, ಸಾಮ್ರಾಜ್ಯ ಪೂರ್ತಿ ನನ್ನದು ಅಂದ. ಎಲ್ಲ ಕಡೆ ಜನ ಕಳಿಸಿ, ಅಪ್ಪ ಕೊಟ್ಟ ಪದವಿಗಳನ್ನೆಲ್ಲ ನಾನು ಉಳಿಸಿಕೊಡುತ್ತೇನೆ, ಇನ್ನೂ ಹೆಚ್ಚೂ ಕೊಡುತ್ತೇನೆ ಅಂತ ಸಾರಿಸಿದ. ಪೂರ್ವದಲ್ಲಿ ಇನ್ನೊಬ್ಬ ಲೂಯಿ, ಅವನನ್ನು ಚರಿತ್ರೆಯಲ್ಲಿ ಜರ್ಮನಿಯ ಲೂಯಿ ಅನ್ನುತ್ತಾರೆ. ಪಶ್ಚಿಮದಲ್ಲಿ ಹುಡುಗ ಚಾರ್ಲ್ಸ್. ಚಾರ್ಲ್ಸ್ ಲೋಥರ್ ಹತ್ತಿರಕ್ಕೆ ಇಬ್ಬರನ್ನು ರಾಯಭಾರ ಕಳಿಸಿದ, ಒಬ್ಬ ನಿಥಾರ್ಡ್, ಇನ್ನೊಬ್ಬ ಅಡಾಲ್ಗಾರ್. ಲೋಥರ್ ಚಾರ್ಲ್ಸ್‌ಗೆ ಅಣ್ಣ ಮಾತ್ರ ಅಲ್ಲ, ದೀಕ್ಷಾಸ್ನಾನದ ಧರ್ಮಪಿತನೂ ಹೌದು. ಆ ಸಂಬಂಧವನ್ನಾದರೂ ನೆನೆದು ತಮ್ಮನನ್ನು ನೆಮ್ಮದಿಯಾಗಿ ಇರಲು ಬಿಡು ಅನ್ನೋದು ಸಂದೇಶ. ಲೋಥರ್ ಸಿಹಿ ಮಾತಾಡಿದ. ಈ ಇಬ್ಬರನ್ನು ತನ್ನ ಕಡೆ ಸೆಳೆಯಲು ನೋಡಿದ. ಇವರು ಬರಲ್ಲ ಅಂದಾಗ, ತನ್ನ ಅಪ್ಪ ಇವರಿಗೆ ಕೊಟ್ಟಿದ್ದ ಪದವಿ, ಜಮೀನು ಎಲ್ಲವನ್ನೂ ಕಿತ್ತುಕೊಂಡ.

ನಿಥಾರ್ಡ್ ಇದನ್ನು ಒಂದೇ ವಾಕ್ಯದಲ್ಲಿ ಮುಗಿಸುತ್ತಾನೆ, ಅದೂ ತನ್ನ ಹೆಸರನ್ನು ಬೇರೆ ಯಾರದೋ ಅನ್ನುವ ಹಾಗೆ ಬರೆದು. ಗೋಳಾಟ ಇಲ್ಲ. ಆದರೆ ಮುಂದೆ ಕೆಲವೇ ಸಾಲುಗಳಲ್ಲಿ ಸಿಟ್ಟು ಹೊರಗೆ ಬರುತ್ತದೆ. ಸೇಂಟ್ ಡೆನಿ ಮಠದ ಮುಖ್ಯಸ್ಥ ಹಿಲ್ದುವಿನ್, ಪ್ಯಾರಿಸ್‌ನ ಕೌಂಟ್ ಗೆರಾರ್ಡ್ ಇಂಥವರೆಲ್ಲ ಚಾರ್ಲ್ಸ್‌ಗೆ ಕೊಟ್ಟ ಮಾತು ಮುರಿದು ಲೋಥರ್ ಕಡೆ ಹೋದರು. ಸ್ವಲ್ಪ ದಿನದ ಮಟ್ಟಿಗೆ ಆಸ್ತಿ ಬಿಟ್ಟಿರಲು ಆಗದೆ, ಗುಲಾಮರ ಹಾಗೆ ನಿಷ್ಠೆಯನ್ನೇ ಬಿಟ್ಟರು ಅಂತ ಅವನು ಬರೆಯುತ್ತಾನೆ. ಆಗಷ್ಟೇ ತನ್ನದೆಲ್ಲ ಕಳೆದುಕೊಂಡವನು ಬರೆದ ಸಾಲು ಇದು ಅನ್ನೋದನ್ನು ನೆನಪಿಟ್ಟು ಓದಿದರೆ ಅದರ ಖಾರ ತಿಳಿಯುತ್ತದೆ. ನಾನು ಬಿಟ್ಟೆನಲ್ಲ, ನಿಮಗೇನಾಗಿತ್ತು ಅನ್ನುವ ಪ್ರಶ್ನೆ ಅದರೊಳಗೆ ಕೂತಿದೆ.

841ರ ವಸಂತದಲ್ಲಿ ಚಾರ್ಲ್ಸ್‌ನ ಸ್ಥಿತಿ ನಿಜಕ್ಕೂ ಹೀನಾಯವಾಗಿತ್ತು. ಸೀನ್ ನದಿಯ ಆಚೆ ದಡದಲ್ಲಿ ಲೋಥರ್ ಕಡೆಯವರ ಕಾವಲು. ದಾಟಲು ದೋಣಿ ಇಲ್ಲ. ಅಷ್ಟರಲ್ಲಿ ಸಮುದ್ರದ ಉಬ್ಬರಕ್ಕೆ ವರ್ತಕರ ಹಡಗುಗಳು ನದಿಯೊಳಗೆ ರೂಆಂ ಊರಿನ ಕಡೆಗೆ ತಳ್ಳಿಕೊಂಡು ಬಂದಿವೆ ಅಂತ ಸುದ್ದಿ ಬಂತು. ಅವನ್ನು ಹಿಡಿದುಕೊಂಡು, ಸೈನ್ಯ ತುಂಬಿಸಿ ಹೊರಟರು. ಆಚೆ ದಡದ ಕಾವಲಿನವರು ಹಿಂದೆ ಒಂದು ಶಿಲುಬೆ ಮುಟ್ಟಿ ಚಾರ್ಲ್ಸ್‌ಗೆ ನಿಷ್ಠೆಯ ಪ್ರಮಾಣ ಮಾಡಿದ್ದರು. ಅದೇ ಶಿಲುಬೆ ಹಡಗಿನಲ್ಲಿ ಬರುತ್ತಿರೋದನ್ನೂ, ಜೊತೆಗೆ ಚಾರ್ಲ್ಸ್ ನಿಂತಿರೋದನ್ನೂ ಕಂಡು ದಡ ಬಿಟ್ಟು ಓಡಿದರು. ನನಗೆ ಇದು ತುಂಬಾ ಇಷ್ಟವಾದ ಜಾಗ. ಈ ಜನ ಆಣೆಯನ್ನು ಸಲೀಸಾಗಿ ಮುರಿಯುತ್ತಿದ್ದರು, ಆದರೆ ಆಣೆ ಮಾಡಿದ ವಸ್ತು ಎದುರಿಗೆ ಬಂದರೆ ನಿಲ್ಲಲಾರದಷ್ಟು ಅದಕ್ಕೆ ಹೆದರುತ್ತಲೂ ಇದ್ದರು.

ಅದಾಗಿ ಈಸ್ಟರ್. ಆ ವರ್ಷ ಏಪ್ರಿಲ್ 17ಕ್ಕೆ ಬಿದ್ದಿತ್ತು, ಚಾರ್ಲ್ಸ್ ತ್ರುವಾ ಊರಿನಲ್ಲಿದ್ದ. ಅವನ ಹತ್ತಿರವೂ ಅವನ ಜೊತೆಯವರ ಹತ್ತಿರವೂ ಮೈಮೇಲಿನ ಬಟ್ಟೆ, ಆಯುಧ, ಕುದುರೆ ಬಿಟ್ಟು ಬೇರೇನೂ ಇರಲಿಲ್ಲ. ಹಬ್ಬದ ಹಿಂದಿನ ದಿನ, ಶನಿವಾರ, ಚಾರ್ಲ್ಸ್ ಸ್ನಾನ ಮುಗಿಸಿ, ಕಳಚಿದ್ದ ಅದೇ ಬಟ್ಟೆಯನ್ನು ಮತ್ತೆ ಹಾಕಿಕೊಳ್ಳಬೇಕು ಅನ್ನುವಾಗ ನೈಋತ್ಯ ಫ್ರಾನ್ಸ್‌ನ ಅಕ್ವಿಟೇನ್‌ನಿಂದ ಜನ ಬಂದರು. ಅವರ ಕೈಯಲ್ಲಿ ಅವನ ಕಿರೀಟ, ರಾಜವಸ್ತ್ರ, ಪೂಜೆಯ ಸಾಮಗ್ರಿ. ದೇಶವೆಲ್ಲ ಕಳ್ಳಕಾಕರ ಕೈಯಲ್ಲಿರುವಾಗ ಅಷ್ಟು ದೂರದಿಂದ ಅಷ್ಟೊಂದು ಬಂಗಾರ ಹೊತ್ತು, ಎಲ್ಲಿದ್ದಾನೋ ಗೊತ್ತಿಲ್ಲದ ರಾಜನನ್ನು ಹುಡುಕಿಕೊಂಡು, ಸರಿಯಾದ ದಿನಕ್ಕೆ ಬಂದು ಮುಟ್ಟಿದ್ದು ದೇವರ ಕೆಲಸವೇ ಅಂತ ನಿಥಾರ್ಡ್ ಆಶ್ಚರ್ಯಪಡುತ್ತಾನೆ. ಇಂಥ ವಿವರ ಮಠದ ಕೋಣೆಯಲ್ಲಿ ಕೂತವನಿಗೆ ಸಿಗಲ್ಲ.

ಚರಿತ್ರೆ ಬರೆಯುವ ಅಪ್ಪಣೆ ಸಿಕ್ಕಿದ್ದೂ ಅದೇ ದಿನಗಳಲ್ಲಿ. ಶಾಲೋಂ ಪಟ್ಟಣದೊಳಗೆ ಕಾಲಿಡುವ ಮುನ್ನ ಚಾರ್ಲ್ಸ್, ನಮ್ಮ ಕಾಲದಲ್ಲಿ ನಡೆದದ್ದನ್ನು ಬರೆದಿಡು ಅಂದನಂತೆ. ಮುನ್ನುಡಿಯಲ್ಲಿ ನಿಥಾರ್ಡ್, ಏನಾದರೂ ಬಿಟ್ಟುಹೋಗಿದ್ದರೆ ಕ್ಷಮಿಸಬೇಕು, ನೀವು ಸಿಕ್ಕಿಕೊಂಡಿರುವ ಬಿರುಗಾಳಿಯಲ್ಲೇ ನಾನೂ ಸಿಕ್ಕಿಕೊಂಡಿದ್ದೇನೆ ಅಂತ ಕೇಳಿಕೊಳ್ಳುತ್ತಾನೆ. ರಾಜ ಹೇಳಿ ಬರೆಸಿದ್ದು, ಹಾಗಾಗಿ ಪಕ್ಷಪಾತ ಇದ್ದೇ ಇದೆ. ಲೋಥರ್ ಏನು ಮಾಡಿದರೂ ಕುತಂತ್ರ, ಚಾರ್ಲ್ಸ್ ಏನು ಮಾಡಿದರೂ ಧರ್ಮ. ಅದನ್ನು ಗೊತ್ತಿಟ್ಟುಕೊಂಡೇ ಓದಬೇಕು.

ಅಣ್ಣತಮ್ಮಂದಿರು ಮುಖಾಮುಖಿಯಾದ ಫೋಂತನ್ವಾ ಯುದ್ಧ ನಡೆದದ್ದು 841ರ ಜೂನ್ 25ರ ಶನಿವಾರ. ಅದಕ್ಕೆ ಮುಂಚೆ ದಿನಗಟ್ಟಲೆ ಸಂಧಾನ. ಆಯುಧ, ಕುದುರೆ ಬಿಟ್ಟು ನಮ್ಮ ಸೈನ್ಯದಲ್ಲಿ ಇರೋದನ್ನೆಲ್ಲ ಕೊಡುತ್ತೇವೆ, ರಕ್ತಪಾತ ಬೇಡ ಅಂತ ಚಾರ್ಲ್ಸ್ ಮತ್ತು ಜರ್ಮನಿಯ ಲೂಯಿ ಹೇಳಿ ಕಳಿಸಿದರು. ಲೋಥರ್ ದಿನ ದೂಡುತ್ತಾ ಹೋದ. ತೀರಿಕೊಂಡಿದ್ದ ಇನ್ನೊಬ್ಬ ಸಹೋದರನ ಮಗ, ಅಕ್ವಿಟೇನ್‌ನ ಪಿಪಿನ್ ತನ್ನ ಪಡೆಯೊಂದಿಗೆ ಬಂದು ಸೇರಲಿ ಅಂತ ಕಾಯುತ್ತಿದ್ದ. ಪಿಪಿನ್ ಬಂದ ಮರುದಿನವೇ ಯುದ್ಧ. ಬೆಳಗಿನ ಜಾವ ತಮ್ಮಂದಿರಿಬ್ಬರು ಸೈನ್ಯದ ಮೂರನೇ ಒಂದು ಭಾಗದೊಂದಿಗೆ ಲೋಥರ್ ಬಿಡಾರದ ಹತ್ತಿರದ ದಿಬ್ಬ ಹಿಡಿದರು. ಒಪ್ಪಿಕೊಂಡ ಹೊತ್ತು ಆಗುವ ತನಕ ಅಲ್ಲೇ ಕಾದರು. ಆಮೇಲೆ ಮೂರು ಕಡೆ ಕಾಳಗ. ಎರಡು ಕಡೆ ಲೋಥರ್ ಪಡೆ ಬೇಗ ಮುರಿಯಿತು. ಮೂರನೆಯ ಕಡೆ, ಸೊಲೆನ್ನಾ ಅನ್ನುವ ಜಾಗದಲ್ಲಿ, ಅಡಾಲಾರ್ಡ್ ಅನ್ನುವ ದೊಡ್ಡ ಮನುಷ್ಯ ಮತ್ತು ಇತರರು ಹೋರಾಡುತ್ತಿದ್ದರು. ದೇವರ ದಯೆಯಿಂದ ನಾನು ಅವರಿಗೆ ಕಡಿಮೆಯೇನಲ್ಲದ ಸಹಾಯ ಮಾಡಿದೆ ಅಂತ ನಿಥಾರ್ಡ್ ಬರೆಯುತ್ತಾನೆ. ಕಾಳಗ ಬಹಳ ಹೊತ್ತು ಸಮಸಮ ನಡೆಯಿತು, ಕೊನೆಗೆ ಲೋಥರ್ ಕಡೆಯವರೆಲ್ಲ ಓಡಿದರು.

ಇಷ್ಟೇ. ತಾನು ಹೊಡೆದಾಡಿದ ಯುದ್ಧಕ್ಕೆ ನಾಲ್ಕು ಸಾಲು. ಸೋತ ಕಡೆಯ ಒಬ್ಬ ಬರೆದ ಲ್ಯಾಟಿನ್ ಪದ್ಯವೂ ನಮಗೆ ಸಿಕ್ಕಿದೆ, ಅವನ ಹೆಸರೂ ಕಾಕತಾಳೀಯವಾಗಿ ಆಂಗಿಲ್ಬರ್ಟ್. ಅವನು ಮುಂಚೂಣಿಯಲ್ಲಿ ನಿಂತಿದ್ದ ಅನೇಕರಲ್ಲಿ ತಾನೊಬ್ಬನೇ ಉಳಿದೆ ಅಂತ ಹೇಳಿ, ಆ ಹುಲ್ಲುಗಾವಲಿನ ಮೇಲೆ ಇನ್ನು ಮಳೆಯೂ ಬೀಳದಿರಲಿ, ಇಬ್ಬನಿಯೂ ಬೀಳದಿರಲಿ ಅಂತ ಶಪಿಸುತ್ತಾನೆ. ಗೆದ್ದವನು ವರದಿ ಬರೆದ, ಸೋತವನು ಕವಿತೆ ಬರೆದ. ಆದರೆ ಗೆದ್ದವರ ಮನಸ್ಸೂ ಅಷ್ಟೇನೂ ಹಗುರವಾಗಿರಲಿಲ್ಲ. ಮರುದಿನ ಭಾನುವಾರ ಸತ್ತವರನ್ನು ನಮ್ಮವರು, ಅವರವರು ಅಂತ ನೋಡದೆ ಹೂಳಿದರು. ಬಿಷಪ್‌ಗಳು ಸೇರಿ, ಇದು ದೇವರ ತೀರ್ಪು, ಯಾರೂ ತಪ್ಪಿತಸ್ಥರಲ್ಲ ಅಂದರು. ಆದರೆ ಸಿಟ್ಟಿಗೋ ದ್ವೇಷಕ್ಕೋ ಹೊಗಳಿಕೆಗೋ ಕತ್ತಿ ಎತ್ತಿದವರು ಪಾಪನಿವೇದನೆ ಮಾಡಿಕೊಳ್ಳಬೇಕು ಅಂತಲೂ ಸೇರಿಸಿದರು. ಮೂರು ದಿನ ಉಪವಾಸ ಸಾರಿದರು. ಎರಡೂ ಕಡೆ ನೆಂಟರೇ ಇದ್ದ ಯುದ್ಧದಲ್ಲಿ ಗೆದ್ದು ಉಪವಾಸ ಕೂರೋದು ಬಿಟ್ಟು ಇನ್ನೇನು ಮಾಡೋಕಾಗುತ್ತೆ?

ಎರಡನೇ ಭಾಗದ ಕೊನೆಯಲ್ಲಿ ಅವನು ದಿನಾಂಕ ಹಾಕಿದ್ದಾನೆ. ಲ್ವಾರ್ ನದಿಯ ದಂಡೆಯಲ್ಲಿ ಇದನ್ನು ಬರೆಯುತ್ತಿದ್ದಾಗ ಮಂಗಳವಾರ, ಅಕ್ಟೋಬರ್ 18, ಬೆಳಗಿನ ಮೊದಲ ತಾಸಿನಲ್ಲಿ ಸೂರ್ಯಗ್ರಹಣ ಆಯಿತು ಅಂತ. ಇವತ್ತಿನ ಲೆಕ್ಕಕ್ಕೂ ಅದು ಸರಿಯಾಗಿ ಕೂರುತ್ತದೆ.

ಮೂರನೇ ಭಾಗ ಶುರುವಾಗುವಾಗಲೇ ದನಿ ಬೇರೆ. ನಮ್ಮ ಕುಲದ ಬಗ್ಗೆ ಕೆಟ್ಟದ್ದು ಕೇಳೋಕೇ ನನಗೆ ನಾಚಿಕೆ, ಅದನ್ನು ಹೇಳಬೇಕಾಗಿ ಬಂದಿರೋದು ಇನ್ನೂ ಸಂಕಟ ಅನ್ನುತ್ತಾನೆ. ಬರವಣಿಗೆ ನಿಲ್ಲಿಸುವ ಮನಸ್ಸಿತ್ತಂತೆ. ಗೊತ್ತಿಲ್ಲದವರು ಯಾರಾದರೂ ತಪ್ಪುತಪ್ಪಾಗಿ ಬರೆದಾರು ಅನ್ನುವ ಭಯಕ್ಕೆ ಮುಂದುವರಿಸಿದನಂತೆ.

ಎಲ್ಲರೂ ಹುಡುಕುವ ಆ ಪುಟ ಇರೋದು ಇಲ್ಲಿ. 842ರ ಫೆಬ್ರವರಿ 14, ಸ್ಟ್ರಾಸ್‌ಬರ್ಗ್. ಇಬ್ಬರು ತಮ್ಮಂದಿರು ಲೋಥರ್ ವಿರುದ್ಧ ಒಂದಾಗಿ ನಿಲ್ಲುವ ಆಣೆ ಮಾಡಿದರು. ಮೊದಲು ಇಬ್ಬರೂ ತಮ್ಮ ತಮ್ಮ ಸೈನ್ಯಕ್ಕೆ ಅವರವರ ಮಾತಿನಲ್ಲೇ ವಿಷಯ ಹೇಳಿದರು. ಆಣೆ ಮಾಡುವಾಗ ಅದಲು ಬದಲು. ಲೂಯಿ, ಚಾರ್ಲ್ಸ್ ಸೈನ್ಯಕ್ಕೆ ತಿಳಿಯಲಿ ಅಂತ ಅವರ ರೋಮನ್ಸ್ ಮಾತಿನಲ್ಲಿ, ಚಾರ್ಲ್ಸ್ ಲೂಯಿಯ ಸೈನ್ಯದ ಜರ್ಮನ್ ಮಾತಿನಲ್ಲಿ. 'ಪ್ರೊ ದೇಒ ಅಮುರ್' ಅಂತ ಶುರುವಾಗುವ ಆ ಸಾಲುಗಳು ಮುಂದೆ ಫ್ರೆಂಚ್ ಆದ ಭಾಷೆಯಲ್ಲಿ ಉಳಿದಿರುವ ಅತ್ಯಂತ ಹಳೆಯ ಬರಹ. ನಿಥಾರ್ಡ್ ಅದನ್ನು ಲ್ಯಾಟಿನ್‌ಗೆ ತಿರುಗಿಸದೆ ಕೇಳಿದ ಹಾಗೇ ಬರೆದಿಟ್ಟ. ಭಾಷೆಯ ವಿದ್ವಾಂಸರಿಗೆ ಅದು ನಿಧಿ, ಒಪ್ಪುತ್ತೇನೆ. ಆದರೆ ಅವರು ರಾಜರ ಆಣೆ ಓದಿ ಪುಟ ಮುಚ್ಚಿಬಿಡುತ್ತಾರೆ, ಅದರ ಕೆಳಗೇ ಇರುವ ಇನ್ನೊಂದು ಆಣೆ ನನಗೆ ಹೆಚ್ಚು ಮುಖ್ಯ ಅನಿಸುತ್ತದೆ. ಅದು ಸೈನ್ಯದವರು, ಅಂದರೆ ನಿಥಾರ್ಡ್‌ನಂಥವರು ಮಾಡಿದ್ದು. ನನ್ನ ಒಡೆಯ ಈ ಮಾತು ಮುರಿದರೆ, ನನ್ನಿಂದ ಅವನನ್ನು ತಡೆಯಲಾಗದಿದ್ದರೆ, ಆಗ ಅವನಿಗೆ ನಾನು ಸಹಾಯ ಮಾಡೋದಿಲ್ಲ. ಶ್ರೀಮಂತರು ರಾಜರನ್ನು ಎಷ್ಟು ನಂಬುತ್ತಿದ್ದರು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಆಣೆಯ ಬೆನ್ನಲ್ಲೇ ಪುಸ್ತಕದಲ್ಲಿ ಒಂದು ಖುಷಿಯ ತುಣುಕು ಬರುತ್ತದೆ, ಬಹುಶಃ ಕೊನೆಯ ಖುಷಿ. ಅಣ್ಣತಮ್ಮ ಇಬ್ಬರೂ ನೋಡೋಕೆ ಚೆಂದ, ಸಾಧಾರಣ ಎತ್ತರ, ಧೈರ್ಯವಂತರು, ಒಂದೇ ಮನೆಯಲ್ಲಿ ಊಟ, ಒಂದೇ ಮನೆಯಲ್ಲಿ ನಿದ್ದೆ. ಕುದುರೆ ಸವಾರರ ಆಟ ನಡೆಯುತ್ತಿತ್ತು. ಸ್ಯಾಕ್ಸನ್, ಗ್ಯಾಸ್ಕನ್, ಆಸ್ಟ್ರೇಷಿಯನ್, ಬ್ರೆಟನ್ ಸವಾರರು ಸಮ ಸಂಖ್ಯೆಯಲ್ಲಿ ಎರಡು ಗುಂಪಾಗಿ ಒಬ್ಬರ ಮೇಲೊಬ್ಬರು ಯುದ್ಧದ ಹಾಗೆಯೇ ನುಗ್ಗೋದು, ಒಂದು ಗುಂಪು ಬೆನ್ನಿಗೆ ಗುರಾಣಿ ತಿರುಗಿಸಿ ಸೋತವರ ಹಾಗೆ ಓಡೋದು, ಆಮೇಲೆ ತಿರುಗಿ ಅಟ್ಟಿಸಿಕೊಂಡವರನ್ನೇ ಅಟ್ಟೋದು, ಕೊನೆಗೆ ಇಬ್ಬರು ರಾಜರೂ ಕೇಕೆ ಹಾಕುತ್ತಾ ಈಟಿ ಬೀಸುತ್ತಾ ಕುದುರೆ ಓಡಿಸಿಕೊಂಡು ಮಧ್ಯಕ್ಕೆ ಬರೋದು. ಇಷ್ಟೊಂದು ಬೇರೆ ಬೇರೆ ಜನ ಸೇರಿದ್ದರೂ ಯಾರೂ ಯಾರಿಗೂ ಗಾಯ ಮಾಡಲಿಲ್ಲ, ಬೈಯಲಿಲ್ಲ. ನಾಲ್ಕು ಜನ ಪರಿಚಯದವರು ಸೇರಿದರೂ ಜಗಳ ಆಗುತ್ತದೆ, ಇಲ್ಲಿ ಆಗಲಿಲ್ಲವಲ್ಲ ಅಂತ ನಿಥಾರ್ಡ್‌ಗೆ ಬೆರಗು.

ಅಲ್ಲಿಂದ ಮುಂದೆ ಇಳಿಜಾರು. ಲೋಥರ್ ರಾಜಧಾನಿ ಆಖನ್ ಬಿಟ್ಟು ಓಡಿದ. ಹೋಗುವಾಗ ಚಾರ್ಲೆಮೇನ್ ಕಾಲದ ದೊಡ್ಡ ಬೆಳ್ಳಿ ಮೇಜನ್ನು, ಅದರ ಮೇಲೆ ಭೂಮಿ, ನಕ್ಷತ್ರಗಳ ಚಿತ್ರ ಕೆತ್ತಿತ್ತು, ಕತ್ತರಿಸಿ ತನ್ನ ಜನಕ್ಕೆ ಹಂಚಿದ ಅಂತ ಅದೇ ಕಾಲದ ಇನ್ನೊಂದು ವಾರ್ಷಿಕ ದಾಖಲೆ ಹೇಳುತ್ತದೆ. ಸೈನಿಕರನ್ನು ಜೊತೆಗಿಟ್ಟುಕೊಳ್ಳಲು ತಾತನ ಆಸ್ತಿಯನ್ನೇ ಚೂರು ಮಾಡಬೇಕಾಯಿತು. ಇತ್ತ ರಾಜ್ಯ ಹಂಚಲು ಲೂಯಿ ಕಡೆಯಿಂದ 12, ಚಾರ್ಲ್ಸ್ ಕಡೆಯಿಂದ 12 ಜನರನ್ನು ಆರಿಸಿದರು. ಅವರಲ್ಲಿ ನಾನೂ ಒಬ್ಬ ಅನ್ನುತ್ತಾನೆ ನಿಥಾರ್ಡ್. ಆ ಹಂಚಿಕೆ ನಿಲ್ಲಲಿಲ್ಲ. ಲೋಥರ್ ಸಂಧಾನಕ್ಕೆ ಬಂದ, ಮಾತುಕತೆ ಮತ್ತೆ ಮೊದಲಿನಿಂದ ಶುರುವಾಯಿತು.

ನಾಲ್ಕನೇ ಭಾಗದ ಆರಂಭದಲ್ಲಿ ಅವನು ಬರೆಯೋದು ಮಾತ್ರ ಅಲ್ಲ, ಸಾರ್ವಜನಿಕ ಬದುಕನ್ನೇ ಬಿಟ್ಟುಬಿಡೋಣ ಅನಿಸುತ್ತಿದೆ ಅನ್ನುತ್ತಾನೆ. ಆಮೇಲೆ ಬರುತ್ತದೆ ನಾನು ಹೇಳುತ್ತಿದ್ದ ಸಿಟ್ಟು. ಫೋಂತನ್ವಾದಲ್ಲಿ ಯಾರಿಗೆ ಸಹಾಯ ಮಾಡಿದೆ ಅಂತ ಹೆಮ್ಮೆಯಿಂದ ಬರೆದಿದ್ದನೋ ಅದೇ ಅಡಾಲಾರ್ಡ್ ಇಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಾನೆ. 842ರ ಡಿಸೆಂಬರಿನಲ್ಲಿ ಕಿಯೆರ್ಜಿಯಲ್ಲಿ ಚಾರ್ಲ್ಸ್ ಮದುವೆಯಾದ. ಹುಡುಗಿ ಎರ್ಮೆಂಟ್ರೂಡ್, ಈ ಅಡಾಲಾರ್ಡ್‌ನ ಸೋದರ ಸೊಸೆ. ನಿಥಾರ್ಡ್ ಅಲ್ಲಿಗೇ ನಿಲ್ಲಿಸಿ ಅಡಾಲಾರ್ಡ್ ಯಾರು ಅಂತ ವಿವರಿಸುತ್ತಾನೆ. ಹಿಂದಿನ ರಾಜ ಲೂಯಿ ಇವನನ್ನು ಎಷ್ಟು ಮುದ್ದು ಮಾಡುತ್ತಿದ್ದನೆಂದರೆ ಇವನು ಹೇಳಿದ್ದೆಲ್ಲ ನಡೆಯುತ್ತಿತ್ತು. ಇವನಿಗೆ ರಾಜ್ಯದ ಹಿತಕ್ಕಿಂತ ಎಲ್ಲರನ್ನೂ ಖುಷಿಪಡಿಸೋದು ಮುಖ್ಯ. ರಾಜ್ಯದ ಸ್ವತ್ತನ್ನು ಖಾಸಗಿಯವರಿಗೆ ಹಂಚಿಸಿ ಹಂಚಿಸಿ ಬೊಕ್ಕಸವನ್ನೇ ಮುಗಿಸಿದ. ಈಗ ಜನರಲ್ಲಿ ಹೆಚ್ಚಿನವರನ್ನು ಇವನ ಮೂಲಕ ತನ್ನ ಕಡೆ ಎಳೆದುಕೊಳ್ಳಬಹುದು ಅಂತ ಚಾರ್ಲ್ಸ್ ಈ ಮದುವೆ ಮಾಡಿಕೊಂಡ.

ಇದು ಓದುವಾಗ ನಿಥಾರ್ಡ್‌ನ ಮಾತನ್ನು ಪೂರ್ತಿ ಒಪ್ಪಬೇಕು ಅಂತೇನಿಲ್ಲ. ನಿಷ್ಠೆಗೆ ಎಲ್ಲ ಕಳೆದುಕೊಂಡವನು ಅವನು. ಹಂಚಿಕೆಯಲ್ಲಿ ಅದೆಲ್ಲ ವಾಪಸ್ ಬಂತು ಅಂತ ಅವನು ಎಲ್ಲೂ ಬರೆದಿಲ್ಲ. ಹಿಂದಿನ ರಾಜನ ಕಾಲದಲ್ಲೂ ಮೇಲೆ ಇದ್ದವನು, ಈಗಿನ ರಾಜನ ಬೀಗನಾಗಿ ಇನ್ನೂ ಮೇಲೆ ಹೋಗುತ್ತಿದ್ದಾನೆ. ಹೊಟ್ಟೆಯುರಿ ಇಲ್ಲ ಅಂತ ಹೇಳೋಕಾಗಲ್ಲ. ಆದರೆ ಹೊಟ್ಟೆಯುರಿಯಿಂದ ಹೇಳಿದ ಮಾತ್ರಕ್ಕೆ ಅದು ಸುಳ್ಳೂ ಆಗಲ್ಲ, ಮುಂದಿನ ನೂರು ವರ್ಷಗಳಲ್ಲಿ ಆ ರಾಜರ ಕೈಯಲ್ಲಿ ಹಂಚಲು ಜಮೀನೇ ಉಳಿಯದೆ ಹೋದದ್ದನ್ನು ನೋಡಿದರೆ ಅವನ ಅಂದಾಜು ಪೂರ್ತಿ ತಪ್ಪೂ ಅಲ್ಲ ಅನಿಸುತ್ತದೆ.

ಅವನ ಕುರುಡುತನವನ್ನೂ ಹೇಳಬೇಕು. ಸ್ಯಾಕ್ಸನಿಯಲ್ಲಿ ಸ್ಟೆಲ್ಲಿಂಗಾ ಅಂತ ಒಂದು ದಂಗೆ ಎದ್ದಿತು. ಲೋಥರ್ ಅಲ್ಲಿನ ಸಾಮಾನ್ಯರಿಗೆ, ಅರೆಜೀತದವರಿಗೆ, ನನ್ನ ಕಡೆ ಬಂದರೆ ಹಳೆಯ ಕಟ್ಟಳೆಯಂತೆ ಬದುಕಲು ಬಿಡುತ್ತೇನೆ ಅಂತ ಆಸೆ ತೋರಿಸಿದ್ದ. ಅವರು ಎದ್ದು ತಮ್ಮ ಒಡೆಯರನ್ನು ಓಡಿಸಿದರು. ಜರ್ಮನಿಯ ಲೂಯಿ ಅದನ್ನು ರಕ್ತದಲ್ಲಿ ಮುಳುಗಿಸಿದ. ರಾಜ 'ಉದಾತ್ತವಾಗಿ, ಆದರೆ ಕಾನೂನು ಪ್ರಕಾರ ಕೊಂದು' ದಂಗೆ ಅಡಗಿಸಿದ ಅಂತ ನಿಥಾರ್ಡ್ ಬರೆಯುತ್ತಾನೆ. ಆಸ್ತಿಗಾಗಿ ನಿಷ್ಠೆ ಬಿಟ್ಟ ದೊಡ್ಡವರನ್ನು ಬೈಯುವಾಗ 'ಗುಲಾಮರ ಹಾಗೆ' ಅಂದಿದ್ದನಲ್ಲ, ಆ ಮನಸ್ಸೇ ಇದು. ನ್ಯಾಯ, ಅನ್ಯಾಯ ಎಲ್ಲ ಅವನಿಗೆ ತನ್ನ ವರ್ಗದೊಳಗಿನ ವ್ಯವಹಾರ.

ಕೊನೆಯ ಪುಟಗಳಲ್ಲಿ ಅವನಿಗೆ ಮನೆ ನೆನಪಾಗುತ್ತದೆ. ಅಪ್ಪನ ಮಠದ ಸಂತ ರಿಕ್ಯೇಯ ಅವಶೇಷಗಳ ಸ್ಥಳಾಂತರದ ಬಗ್ಗೆ ಹೇಳುತ್ತಾ, ಸತ್ತು 29ನೇ ವರ್ಷದಲ್ಲಿ ತೆಗೆದ ತಂದೆಯ ದೇಹ ಯಾವ ಸುಗಂಧದ್ರವ್ಯ ಹಾಕದಿದ್ದರೂ ಕೊಳೆಯದೆ ಇತ್ತು ಅನ್ನುತ್ತಾನೆ. ಮೇಲೆ ಹೇಳಿದ ಅಪ್ಪ, ಅಮ್ಮ, ಅಣ್ಣತಮ್ಮನ ವಿಷಯ ಬರೋದೂ ಇಲ್ಲೇ. ಆಮೇಲೆ ನೆಟ್ಟಗೆ ಹವಾಮಾನಕ್ಕೆ ಬರುತ್ತಾನೆ: ಆ ಚಳಿಗಾಲ ವಿಪರೀತ ಚಳಿ, ಮುಗಿಯದಷ್ಟು ಉದ್ದ, ಎಲ್ಲ ಕಡೆ ಕಾಯಿಲೆ, ಬೆಳೆಗೂ ದನಕ್ಕೂ ಜೇನಿಗೂ ಕೆಟ್ಟದ್ದು. ಜೇನುಹುಳುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡ ಈ ಮನುಷ್ಯ ಬರೀ ಕತ್ತಿ ಹಿಡಿದವನಲ್ಲ, ಹೊಲ ಮನೆ ನಡೆಸಿದವನು. ತಾತನ ಕಾಲದಲ್ಲಿ ಎಲ್ಲರೂ ಒಂದೇ ದಾರಿಯಲ್ಲಿ ನಡೆಯುತ್ತಿದ್ದರು, ಈಗ ಪ್ರತಿಯೊಬ್ಬನಿಗೂ ಅವನದೇ ದಾರಿ, ಆಗ ಸಮೃದ್ಧಿ, ಈಗ ಬರ ಅಂತ ಬರೆದು, 843ರ ಮಾರ್ಚ್ 20ರ ಚಂದ್ರಗ್ರಹಣವನ್ನೂ ಅದೇ ರಾತ್ರಿ ಬಿದ್ದ ಹಿಮವನ್ನೂ ಹೇಳಿ ಪುಸ್ತಕ ನಿಲ್ಲಿಸುತ್ತಾನೆ. ತಾತನ ಕಾಲ ಅಷ್ಟೇನೂ ಶಾಂತವಾಗಿರಲಿಲ್ಲ, ಆ ತಾತ ಯುದ್ಧ ಮಾಡಿ ಮಣಿಸಿದ ಸ್ಯಾಕ್ಸನ್ನರನ್ನು ಕೇಳಿದರೆ ಬೇರೆಯೇ ಹೇಳುತ್ತಿದ್ದರು. ಅದು ಬೇರೆ ಮಾತು.

ತಮಾಷೆ ಅಂದ್ರೆ ಅದೇ ವರ್ಷ ಆಗಸ್ಟ್‌ನಲ್ಲಿ ವೆರ್ದಾಂ ಒಪ್ಪಂದ ಆಯಿತು. ಮೂವರು ಸಾಮ್ರಾಜ್ಯವನ್ನು ಮೂರು ಪಾಲು ಮಾಡಿಕೊಂಡರು. ಎಲ್ಲ ಪಠ್ಯಪುಸ್ತಕದಲ್ಲೂ ಇರುವ ಘಟನೆ ಅದು. ಯುದ್ಧದ ಅತ್ಯುತ್ತಮ ಸಾಕ್ಷಿ ಅದರ ಬಗ್ಗೆ ಒಂದಕ್ಷರ ಬರೆದಿಲ್ಲ.

ನಿಥಾರ್ಡ್ ಹೆಚ್ಚು ದಿನ ಬದುಕಲಿಲ್ಲ. ಅಪ್ಪ ಆಳಿದ ಅದೇ ಸೆಂತುಲಾ ಮಠದ ಮುಖ್ಯಸ್ಥನಾಗಿ ಸ್ವಲ್ಪ ಕಾಲ ಇದ್ದ, ಕಾಳಗದಲ್ಲಿ ಸತ್ತ. 844 ಅಂತ ಕೆಲವರು, 845 ಅಂತ ಕೆಲವರು. 844ರ ಜೂನ್ 14ರಂದು ಅಂಗುಲೆಮ್ ಸೀಮೆಯಲ್ಲಿ ಪಿಪಿನ್ ಪಡೆ ಚಾರ್ಲ್ಸ್ ಕಡೆಯವರನ್ನು ಕೆಟ್ಟದಾಗಿ ಹೊಡೆದ ಕಾಳಗದಲ್ಲೇ ಅವನೂ ಬಿದ್ದ ಅನ್ನೋದು ಒಂದು ವಾದ, ಉತ್ತರದಿಂದ ಬಂದ ವೈಕಿಂಗರ ಜೊತೆಗಿನ ಹೊಡೆದಾಟದಲ್ಲಿ ಅನ್ನೋದು ಇನ್ನೊಂದು. 11ನೇ ಶತಮಾನದಲ್ಲಿ ಅದೇ ಮಠದ ಸನ್ಯಾಸಿ ಹರಿಉಲ್ಫ್ ಒಂದು ವೃತ್ತಾಂತ ಬರೆದ. ಆಂಗಿಲ್ಬರ್ಟನ ಹಳೆಯ ಗೋರಿ ತೆಗೆದಾಗ ಅದರಲ್ಲಿ ನಿಥಾರ್ಡನ ದೇಹ ಸಿಕ್ಕಿತಂತೆ. ಚರ್ಮ ಹೊದಿಸಿದ ಮರದ ಪಲ್ಲಕ್ಕಿಯಂಥ ಪೆಟ್ಟಿಗೆ, ಒಳಗೆಲ್ಲ ಉಪ್ಪು, ತಲೆಯ ಮೇಲೆ ಏಟಿನ ಗಾಯ. ದೂರದಿಂದ ಹೊತ್ತು ತಂದಿರಬೇಕು, ಕೆಡದಿರಲಿ ಅಂತ ಉಪ್ಪು.

ಪುಸ್ತಕ ಉಳಿದದ್ದೂ ಒಂದು ಅದೃಷ್ಟ. 10ನೇ ಶತಮಾನದ ಒಂದೇ ಒಂದು ಹಸ್ತಪ್ರತಿ, ಈಗ ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಚಾರ್ಲ್ಸ್ ಆಸ್ಥಾನದಲ್ಲಿ ಯಾರೂ ಇದನ್ನು ಪ್ರತಿ ಮಾಡಿಸಿ ಹಂಚಲಿಲ್ಲ ಅನ್ನೋದು ನನಗೆ ಆಶ್ಚರ್ಯ ತರಲ್ಲ. ನಾಲ್ಕನೇ ಭಾಗ ಓದಿದ ಯಾವ ರಾಜ ಹಂಚಿಸುತ್ತಾನೆ ಹೇಳಿ! ಇಂಗ್ಲಿಷ್, ಫ್ರೆಂಚ್, ಜರ್ಮನ್ ಅನುವಾದಗಳಿವೆ, ಪುಸ್ತಕವೂ ಸಣ್ಣದು, ಒಂದೆರಡು ಸಂಜೆಗೆ ಮುಗಿಯುತ್ತದೆ. ಮೊದಲ ಭಾಗದಲ್ಲಿ ಅಪ್ಪ ಲೂಯಿಗೂ ಮಕ್ಕಳಿಗೂ ನಡೆದ ಜಗಳ ಇದೆ, ಹೆಸರುಗಳು ರಾಶಿ ರಾಶಿ ಬಂದು ಸುಸ್ತಾಗುತ್ತದೆ, ಅಲ್ಲಿ ಸಿಕ್ಕಿಕೊಂಡು ಕೈಬಿಡಬೇಡಿ. ನೇರವಾಗಿ ಎರಡನೆಯದರಿಂದ ಶುರು ಮಾಡಿ. ಅಡಾಲಾರ್ಡ್ ಹೆಸರು ಬಂದ ಕಡೆ ಸುಮ್ನೆ ಪೆನ್ಸಿಲ್‌ನಿಂದ ಒಂದು ಗೆರೆ ಎಳೆದಿಟ್ಟುಕೊಳ್ಳಿ, ನಾಲ್ಕನೆಯದರಲ್ಲಿ ಬೇಕಾಗುತ್ತದೆ.